ಋತುಮಾನಗಳಲ್ಲಿ ಮೈಸೂರು: ಛಾಯಾಗ್ರಾಹಕರಿಗೊಂದು ಕೈಪಿಡಿ

ಮೈಸೂರು: ದಸರೆಯ ಹತ್ತು ದಿನಗಳಲ್ಲಿ ಮೈಸೂರಿನತ್ತ ತಿರುಗುವ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ. ಜಂಬೂ ಸವಾರಿ ಬನ್ನಿಮಂಟಪ ತಲುಪಿದ ಮರುದಿನವೇ ಅವುಗಳಲ್ಲಿ ಬಹುಪಾಲು ಚೀಲ ಸೇರುತ್ತವೆ. ಆದರೆ ಇದೇ ನಗರದಲ್ಲಿ ಹುಟ್ಟಿ ಬೆಳೆದು, ಅದೇ ವೃತ್ತ, ಅದೇ ಬೀದಿ, ಅದೇ ಗೋಪುರಗಳನ್ನು ವರ್ಷವಿಡೀ ಚಿತ್ರೀಕರಿಸುವವರಿಗೆ ದೊರೆಯುವ ಮೈಸೂರು ಬೇರೆಯೇ ಆಗಿದೆ. ಅವರ ಸಂಗ್ರಹಕ್ಕೆ ಸೌಂದರ್ಯದ ಜೊತೆಗೆ ದಾಖಲೆಯ ಮೌಲ್ಯವೂ ಉಂಟು.

ಅರಮನೆಯಿಂದಲೇ ಆರಂಭಿಸಬಹುದು. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಬಳಿಕ, ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ನಿರ್ಮಾಣವಾಗಿ 1912ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಮುಖ ಪೂರ್ವಕ್ಕಿದೆ. ಆದ್ದರಿಂದ ಮುಂಭಾಗದ ಕಮಾನುಗಳ ಕೆತ್ತನೆ ಸ್ಪಷ್ಟವಾಗಿ ಮೂಡುವುದು ಬೆಳಗಿನ ಬಿಸಿಲಿನಲ್ಲಿ. ಮಧ್ಯಾಹ್ನ ಕಳೆದಂತೆ ಸೂರ್ಯ ಕಟ್ಟಡದ ಹಿಂದಕ್ಕೆ ಸರಿಯುತ್ತಾನೆ, ಮುಂಭಾಗ ಕಪ್ಪಾಗುತ್ತದೆ. ವಿಪರ್ಯಾಸವೆಂದರೆ ಪ್ರವಾಸಿಗರ ಎಷ್ಟೋ ಚಿತ್ರಗಳು ಇದೇ ಹೊತ್ತಿನವು.

ದೀಪಾಲಂಕಾರಕ್ಕೂ ಋತುವಿನ ಲೆಕ್ಕವಿದೆ. ಭಾನುವಾರ ಹಾಗೂ ಸಾರ್ವಜನಿಕ ರಜಾದಿನಗಳಂದು ಸಂಜೆ 7 ಗಂಟೆಗೆ ಸುಮಾರು ಒಂದು ಲಕ್ಷದಷ್ಟು ಬಲ್ಬುಗಳು ಏಕಕಾಲಕ್ಕೆ ಬೆಳಗುತ್ತವೆ. ದಸರೆಯ ವೇಳೆಗೆ ಸೂರ್ಯಾಸ್ತ 6 ಗಂಟೆಯ ಆಸುಪಾಸಿನಲ್ಲಿ ಆಗುವುದರಿಂದ ಅಷ್ಟು ಹೊತ್ತಿಗೆ ಆಕಾಶ ಪೂರ್ಣ ಕಪ್ಪಾಗಿರುತ್ತದೆ. ಜೂನ್–ಜುಲೈ ತಿಂಗಳಲ್ಲಿ ಸೂರ್ಯ ಮುಳುಗುವುದು 6.50ರ ಸುಮಾರಿಗೆ. ಆಗ ದೀಪ ಹೊತ್ತಿದ ಕ್ಷಣದಲ್ಲಿ ಗುಮ್ಮಟಗಳ ಹಿಂದೆ ಇನ್ನೂ ಗಾಢ ನೀಲಿ ಉಳಿದಿರುತ್ತದೆ. ಮಳೆ ಬಂದು ನಿಂತಿದ್ದರೆ ನೆಲದ ನೀರಿನಲ್ಲಿ ಅರಮನೆಯ ಪ್ರತಿಬಿಂಬವೂ ಲಭ್ಯ. ಅರಮನೆಯ ಅತ್ಯುತ್ತಮ ರಾತ್ರಿ ಚಿತ್ರ ದಸರೆಯದ್ದಲ್ಲ, ಮುಂಗಾರಿನದ್ದು ಎನ್ನಲಡ್ಡಿಯಿಲ್ಲ.

ಚಾಮುಂಡಿ ಬೆಟ್ಟದಿಂದ ನಗರ ವಾಯವ್ಯ ದಿಕ್ಕಿಗೆ ಹರಡಿಕೊಂಡಿದೆ. ಬೆಳಗಿನ ಸೂರ್ಯ ಛಾಯಾಗ್ರಾಹಕನ ಬೆನ್ನಿಗಿರುತ್ತಾನೆ. ಡಿಸೆಂಬರ್–ಜನವರಿಯ ಮುಂಜಾನೆ ಮಂಜು ಕವಿದಿದ್ದರೆ, ಅದು ಕರಗುವಾಗ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು ಮೊದಲು ತಲೆಯೆತ್ತುವ ದೃಶ್ಯಕ್ಕಾಗಿ ಕಾಯಬಹುದು. ಆಷಾಢ ಶುಕ್ರವಾರಗಳಂದು ಮಾತ್ರ ಬೆಟ್ಟದಲ್ಲಿ ನಗರದ ಚಿತ್ರದ ಆಸೆ ಬಿಟ್ಟು ಜನರ ಚಿತ್ರ ತೆಗೆಯುವುದು ಲೇಸು.

ಬೀದಿಗಳಲ್ಲಿ ಋತುವನ್ನು ಮೊದಲು ಸಾರುವುದು ಮರಗಳು. ಗುಲ್‌ಮೊಹರ್ ಫೆಬ್ರವರಿ–ಮಾರ್ಚ್‌ನಲ್ಲಿ ಎಲೆ ಉದುರಿಸಿ, ಏಪ್ರಿಲ್–ಮೇ ತಿಂಗಳಲ್ಲಿ ಕೆಂಪಾಗುತ್ತದೆ. ಚಿತ್ರ ತೆಗೆಯುವವರೆಲ್ಲ ಹೂವಿಗಾಗಿ ಕಾಯುತ್ತಾರೆ. ಆದರೆ ವರ್ಷವಿಡೀ ಹಸಿರಿನ ಹಿಂದೆ ಮರೆಯಾಗಿರುವ ಹಳೆಯ ಕಟ್ಟಡಗಳ ಮುಖ ಕಾಣುವುದು ಎಲೆ ಉದುರಿದ ಆ ಕೆಲವೇ ವಾರಗಳಲ್ಲಿ.

ಮಾರುಕಟ್ಟೆ ಮತ್ತು ಮಳೆಗಾಲ

ದೇವರಾಜ ಮಾರುಕಟ್ಟೆಯಷ್ಟು ಸ್ಪಷ್ಟವಾಗಿ ಪಂಚಾಂಗವನ್ನು ತೋರಿಸುವ ತಾಣ ನಗರದಲ್ಲಿ ಇನ್ನೊಂದಿಲ್ಲ. ಸಂಕ್ರಾಂತಿಗೆ ಕಬ್ಬು, ಯುಗಾದಿಗೆ ಮಾವಿನ ಎಲೆ ಮತ್ತು ಬೇವು, ಬೇಸಿಗೆಗೆ ಮಲ್ಲಿಗೆ, ಆಯುಧಪೂಜೆಗೆ ಸೇವಂತಿಗೆಯ ರಾಶಿ ಹಾಗೂ ಬೂದುಗುಂಬಳ. ಮರುದಿನ ಬೀದಿಯಲ್ಲಿ ಒಡೆದ ಕುಂಬಳದ ಚೂರುಗಳೂ ಚಿತ್ರವೇ.

ಇದರ ಉತ್ತರ ದ್ವಾರ ಧನ್ವಂತರಿ ರಸ್ತೆಗೆ ಮುಖ ಮಾಡಿದೆ. ಮೈಸೂರು ಭೂಮಧ್ಯರೇಖೆಯಿಂದ 12 ಡಿಗ್ರಿಗಿಂತ ಸ್ವಲ್ಪ ಉತ್ತರದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 20ರ ಸುಮಾರಿನವರೆಗೆ ಮಾತ್ರ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಉತ್ತರಾಭಿಮುಖ ಗೋಡೆಗಳ ಬಿರುಕು, ಕಲೆಗಳೆಲ್ಲ ನೇರ ಬೆಳಕಿನಲ್ಲಿ ಕಾಣಬೇಕಾದರೆ ಮೇ ತಿಂಗಳ ಬಿಸಿಲು ಸೂಕ್ತ. ಜೂನ್ ಬಳಿಕ ಮೋಡ ಅಡ್ಡ ಬರುತ್ತದೆ.

ಈ ದ್ವಾರದ ಭಾಗ 2016ರ ಆಗಸ್ಟ್ 28ರಂದು ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್ 25ರಂದು, ಚಿಕ್ಕ ಗಡಿಯಾರದ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟಿದ್ದರು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಹೆಸರಿನಲ್ಲಿ 1892ರಲ್ಲಿ ನಿರ್ಮಾಣವಾದ ಕಟ್ಟಡವದು. ಎರಡೂ ದುರಂತಗಳು ಮಳೆಗಾಲದ ಒಂದೇ ವಾರದ ಆಸುಪಾಸಿನಲ್ಲಿ ಸಂಭವಿಸಿದ್ದು ಗಮನಾರ್ಹ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡಗಳಿಗೆ ಒಳಗಿಳಿಯುವ ನೀರೇ ದೊಡ್ಡ ಶತ್ರು. ಚಾವಣಿಯ ನೀರು ಸರಿಯಾಗಿ ಹರಿಯದಿದ್ದರೆ ಗೋಡೆ ನೆನೆಯುತ್ತದೆ, ಸಂದುಗಳಲ್ಲಿ ಅರಳಿ, ಆಲದ ಸಸಿಗಳು ಬೇರೂರುತ್ತವೆ, ಬೇರು ದಪ್ಪವಾದಂತೆ ಬಿರುಕು ಅಗಲವಾಗುತ್ತದೆ.

ಹೀಗಾಗಿ ಮಳೆ ನಿಂತ ಮರುದಿನ ತೆಗೆದ ಚಿತ್ರಕ್ಕೆ ವಿಶೇಷ ಬೆಲೆಯಿದೆ. ಒಣ ಗೋಡೆಗಿಂತ ಒದ್ದೆಯಾದ ಗೋಡೆ ಕಪ್ಪಾಗಿ ಕಾಣುವುದರಿಂದ ನೀರು ಎಲ್ಲಿ ಇಳಿಯುತ್ತಿದೆ ಎಂಬುದು ಚಿತ್ರದಲ್ಲಿಯೇ ದಾಖಲಾಗುತ್ತದೆ. ಎರಡು ಕಟ್ಟಡಗಳನ್ನೂ ಕೆಡವಿ ಮರುನಿರ್ಮಿಸಬೇಕೆ, ದುರಸ್ತಿ ಮಾಡಬೇಕೆ ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಯಾವ ಪಕ್ಷ ಗೆದ್ದರೂ ಮೂಲ ಕಮಾನು, ಕಂಬ, ಗಾರೆಯ ಅಲಂಕಾರ ಹೇಗಿತ್ತೆಂಬುದಕ್ಕೆ ಚಿತ್ರಗಳು ಬೇಕೇ ಬೇಕು.

ಅಂತಹ ಸರಣಿಗೆ ದುಬಾರಿ ಕ್ಯಾಮೆರಾ ಅನಿವಾರ್ಯವಲ್ಲ, ಶಿಸ್ತು ಅನಿವಾರ್ಯ. ಪ್ರತಿ ಬಾರಿ ಅದೇ ಸ್ಥಳದಲ್ಲಿ, ಅದೇ ಎತ್ತರದಲ್ಲಿ, ಅದೇ ಲೆನ್ಸ್ ಅಳತೆಯಲ್ಲಿ ಚಿತ್ರ ತೆಗೆಯಬೇಕು. ನಿಲ್ಲುವ ಜಾಗಕ್ಕೆ ದೀಪದ ಕಂಬ, ಮೆಟ್ಟಿಲಿನಂತಹ ಸ್ಥಿರ ಗುರುತು ಇರಲಿ. ವರ್ಷಕ್ಕೆ ನಾಲ್ಕು ಬಾರಿ, ಅಂದರೆ ಜನವರಿ, ಮೇ, ಆಗಸ್ಟ್ ಮತ್ತು ಅಕ್ಟೋಬರ್‌ನಲ್ಲಿ ತೆಗೆದರೆ ಸಾಕಾಗುತ್ತದೆ. ದೊಡ್ಡ ಗಡಿಯಾರವನ್ನು ಸೇರಿಸಿಕೊಂಡರೆ ಒಂದು ಅನುಕೂಲವುಂಟು. 1927ರ ಈ ಗೋಪುರದ ಕನ್ನಡ ಅಂಕಿಗಳು, ಮುಳ್ಳು ನಡೆಯುತ್ತಿದ್ದ ಪಕ್ಷದಲ್ಲಿ, ಚಿತ್ರದೊಳಗೇ ಸಮಯ ಹೇಳುತ್ತವೆ.

ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923–2009) ದೇಶದ ಹೆಸರಾಂತ ಪತ್ರಿಕಾ ಛಾಯಾಗ್ರಾಹಕರಾಗಿದ್ದರೂ ಸಾಮಾನ್ಯರ ದಿನನಿತ್ಯದ ಬದುಕನ್ನೇ ಹೆಚ್ಚಾಗಿ ಹುಡುಕಿದವರು. ಹೂ ಕಟ್ಟುವವರು, ಟಾಂಗಾ ಓಡಿಸುವವರು ಚೌಕಟ್ಟಿನಲ್ಲಿದ್ದರೆ ಕಟ್ಟಡದ ಅಳತೆಯೂ ಕಾಲವೂ ಒಟ್ಟಿಗೆ ತಿಳಿಯುತ್ತವೆ. ಅವರ ಅನುಮತಿ ಕೇಳುವುದು ಸೌಜನ್ಯ.

ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಬೆಳೆಯುವುದುಂಟು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಚಿತ್ರದ ಕಡತಕ್ಕೆ ಸ್ಥಳ, ದಿಕ್ಕು, ದಿನಾಂಕ ಸೇರಿಸಿ ಹೆಸರಿಟ್ಟು, ಕನಿಷ್ಠ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಉಳಿಸಿಕೊಳ್ಳಬೇಕು.