ಜಿಗ್‌ಗಳು ಮತ್ತು ಇಂಡೆಕ್ಸಿಂಗ್ ಸಾಧನಗಳು, ಮನೆಯ ವರ್ಕ್‌ಶಾಪಿನಲ್ಲಿ

ಲೇತ್, ಮಿಲ್ಲಿಂಗ್ ಅಥವಾ ಡ್ರಿಲ್ಲಿಂಗ್ ಯಂತ್ರದ ಮೇಲೆ ಲೋಹದ ತುಂಡನ್ನು ಗೊತ್ತಾದ ಜಾಗದಲ್ಲಿ ಕೂರಿಸಿ, ಅಲುಗದಂತೆ ಹಿಡಿದು, ಬೇಕಾದಾಗ ಬೇಕಾದಷ್ಟೇ ಕೋನ ತಿರುಗಿಸಿ ಮತ್ತೆ ಬಿಗಿಯಲು ನೆರವಾಗುವ ಉಪಕರಣಗಳು. ತುಂಡನ್ನು ಹಿಡಿಯುವುದಷ್ಟೇ ಕೆಲಸವಾದರೆ ಅದು ಫಿಕ್ಸ್‌ಚರ್. ಡ್ರಿಲ್ಲಿಗೂ ದಾರಿ ತೋರಿದರೆ ಜಿಗ್. ವೃತ್ತವನ್ನು ಸಮಪಾಲು ಮಾಡಿದರೆ ಇಂಡೆಕ್ಸಿಂಗ್ ಸಾಧನ. ಕಾರ್ಖಾನೆಗೆ ಇವು ಬೇಕಾಗುವುದು ಸಾವಿರಾರು ಬಿಡಿಭಾಗಗಳು ಒಂದೇ ಅಳತೆಗೆ ಬರಲೆಂದು. ಮನೆಯಲ್ಲಿ ಒಂದು ಗಡಿಯಾರವನ್ನೋ ಪುಟ್ಟ ಉಗಿ ಎಂಜಿನ್ನನ್ನೋ ಮಾಡುವವರಿಗೆ ಕಾರಣ ಬೇರೆ: ಸಣ್ಣ, ಸವೆದ ಯಂತ್ರದಿಂದ ಅದರ ಶಕ್ತಿಗೆ ಮೀರಿದ ನಿಖರತೆಯನ್ನು ಪಡೆಯಬೇಕು. ಇವನ್ನು ತಾವೇ ಮಾಡಿಕೊಳ್ಳುವ ಹವ್ಯಾಸ ಬ್ರಿಟನ್ನಿನಲ್ಲಿ ಚೆನ್ನಾಗಿ ಬೇರೂರಿದೆ. ಪರ್ಸಿವಲ್ ಮಾರ್ಷಲ್ 1898ರಲ್ಲಿ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಅದಕ್ಕೆ ನೀರೆರೆಯಿತು. ಜಾರ್ಜ್ ಥಾಮಸ್ ರೂಪಿಸಿದ ಡಿವೈಡಿಂಗ್ ಹೆಡ್ ಎಂಬ ಇಂಡೆಕ್ಸಿಂಗ್ ಸಾಧನ ಆ ವಲಯದಲ್ಲಿ ಹೆಸರುವಾಸಿ.

ಕೂರಿಸುವುದು ಬೇರೆ, ಬಿಗಿಯುವುದು ಬೇರೆ. ಒಳ್ಳೆಯ ಜಿಗ್‌ನಲ್ಲಿ ಈ ಎರಡು ಕೆಲಸಗಳನ್ನು ಬೇರೆ ಬೇರೆ ಭಾಗಗಳು ಮಾಡುತ್ತವೆ. ಬಿಡಿಯಾಗಿರುವ ತುಂಡು ಮೂರು ದಿಕ್ಕುಗಳಲ್ಲಿ ಸರಿಯಬಲ್ಲದು, ಮೂರು ಅಕ್ಷಗಳ ಸುತ್ತ ತಿರುಗಬಲ್ಲದು. ತಳದಲ್ಲಿ ಮೂರು, ಉದ್ದದ ಬದಿಯಲ್ಲಿ ಎರಡು, ತುದಿಯಲ್ಲಿ ಒಂದು, ಹೀಗೆ ಆರು ಬಿಂದುಗಳಲ್ಲಿ ಆನಿಸಿದರೆ ಆರೂ ಚಲನೆಗಳಿಗೆ ನೆಲೆ ಸಿಗುತ್ತದೆ. ತಳಕ್ಕೆ ಮೂರೇ ಏಕೆಂದರೆ ಒರಟು ಎರಕದ ತುಂಡು ಕೂಡ ಮೂರು ಬಿಂದುಗಳ ಮೇಲೆ ಅಲ್ಲಾಡದೆ ಕೂರುತ್ತದೆ. ನಾಲ್ಕನೆಯದನ್ನು ಸೇರಿಸಿದರೆ ಕುಂಟುವ ಸಾಧ್ಯತೆ ಇದೆ. ಮನೆಯಲ್ಲಿ ಇದಕ್ಕೆ ದಪ್ಪ ಅಲ್ಯೂಮಿನಿಯಂ ತಟ್ಟೆ, ಅದರಲ್ಲಿ ಸಾಲಾಗಿ ಟ್ಯಾಪ್ ಮಾಡಿದ ಎಂ6 ತೂತುಗಳು, ಕೆಲವು ಡೋವೆಲ್ ಪಿನ್ನುಗಳು ಸಾಕು. ಒಳಮೂಲೆಯಲ್ಲಿ ಸಣ್ಣ ತೋಡು ಕೊರೆದಿಡಬೇಕು. ಇಲ್ಲವಾದರೆ ಅಲ್ಲಿ ಸಿಕ್ಕ ಒಂದೇ ಒಂದು ಲೋಹದ ಚೂರು ಮುಂದಿನ ತುಂಡನ್ನು ಓರೆಯಾಗಿ ಕೂರಿಸುತ್ತದೆ.

ಕ್ಲ್ಯಾಂಪಿನ ಒತ್ತಡ ಆಸರೆಯ ನೇರ ಮೇಲೆಯೇ ಬೀಳಬೇಕು. ಎರಡು ಆಸರೆಗಳ ನಡುವೆ ಒತ್ತಿದರೆ ತೆಳು ತುಂಡು ಬಾಗುತ್ತದೆ. ಬಾಗಿದ ಸ್ಥಿತಿಯಲ್ಲೇ ಅದರ ಮೇಲ್ಮೈ ಚಪ್ಪಟೆಯಾಗುತ್ತದೆ. ಕ್ಲ್ಯಾಂಪ್ ಸಡಿಲಿಸಿದೊಡನೆ ಅದು ಮೊದಲಿನ ಆಕಾರಕ್ಕೆ ಮರಳಿ, ಚಪ್ಪಟೆಯಾಗಿದ್ದ ಮೇಲ್ಮೈ ಉಬ್ಬುತ್ತದೆ. ಯಂತ್ರದ ತಪ್ಪೆಂದು ಹೊಸಬರು ಗಂಟೆಗಟ್ಟಲೆ ಹುಡುಕುವ ಎಷ್ಟೋ ದೋಷಗಳು ಹುಟ್ಟುವುದು ಇಲ್ಲಿಯೇ. ಪಟ್ಟಿ ಕ್ಲ್ಯಾಂಪಿನಲ್ಲಿ ಬೋಲ್ಟು ಹಿಂದಿನ ಆಸರೆಗಿಂತ ತುಂಡಿಗೇ ಹತ್ತಿರವಿರಬೇಕು, ಆಗ ಬಿಗಿತದ ಹೆಚ್ಚಿನ ಪಾಲು ತುಂಡಿನ ಮೇಲೆ ಬೀಳುತ್ತದೆ.

ಲೇತಿನ ಮೂರು ದವಡೆಯ ಚಕ್ ಬೇಗ ಹಿಡಿಯುತ್ತದೆ, ಆದರೆ ನಟ್ಟ ನಡುವಿಗೆ ತರುವುದಿಲ್ಲ. ಬಳಸಿ ಹಳತಾದ ಚಕ್‌ನಲ್ಲಿ 0.1 ಮಿ.ಮೀ. ಓಲಾಟ ಅಪರೂಪವಲ್ಲ. ಮೆತು ದವಡೆಗಳನ್ನು ಹಾಕಿ, ಅವುಗಳ ನಡುವೆ ಒಂದು ಬಳೆಯನ್ನು ಬಿಗಿದು, ಆ ಬಿಗಿತದಲ್ಲೇ ದವಡೆಗಳನ್ನು ಬೇಕಾದ ವ್ಯಾಸಕ್ಕೆ ಕೊರೆದರೆ ಅದೇ ಚಕ್ ಆ ಒಂದು ಅಳತೆಗೆ ಬಹಳ ನಿಖರವಾಗುತ್ತದೆ. ದವಡೆಗೆ ಸಿಗದಷ್ಟು ತೆಳ್ಳಗಿನ ಹಿತ್ತಾಳೆ ಬಿಲ್ಲೆಗಳನ್ನು ಗಡಿಯಾರ ಕುಶಲಕರ್ಮಿಗಳು ಅರಗಿನಿಂದ ಅಂಟಿಸಿ ಕಡೆಯುತ್ತಿದ್ದರು. ಈಗ ಸೂಪರ್ ಗ್ಲೂ ಅದೇ ಕೆಲಸ ಮಾಡುತ್ತದೆ, ಬಿಸಿ ಮಾಡಿದರೆ ಬಿಟ್ಟುಕೊಳ್ಳುತ್ತದೆ.

ಇಂಡೆಕ್ಸಿಂಗ್‌ನ ಅತಿ ಸರಳ ವಿಧಾನಕ್ಕೆ ಹಲ್ಲುಚಕ್ರವೊಂದು ಸಾಕು. ಲೇತಿನ ಸ್ಪಿಂಡಲ್ಲಿಗೆ 60 ಹಲ್ಲಿನ ಗೇರ್ ಕೂರಿಸಿ, ಹಲ್ಲಿನ ಸಂದಿಗೆ ಸ್ಪ್ರಿಂಗ್ ಇರುವ ಮೊಳೆಯನ್ನು ಇಳಿಸಿದರೆ 2, 3, 4, 5, 6, 10, 12, 15, 20, 30 ಮತ್ತು 60 ಪಾಲುಗಳು ಸಿಗುತ್ತವೆ. ಏಳು ಅಥವಾ ಒಂಬತ್ತು ಪಾಲು ಬೇಕೆಂದರೆ 63 ಹಲ್ಲಿನ ಗೇರ್ ಹಾಕಬೇಕು.

ಇನ್ನೂ ಹೆಚ್ಚಿನ ಆಯ್ಕೆ ಬೇಕಾದಾಗ ವರ್ಮ್, ಅಂದರೆ ಹಲ್ಲುಚಕ್ರವನ್ನು ತಿರುಗಿಸುವ ತಿರುಪು, ಇರುವ ಡಿವೈಡಿಂಗ್ ಹೆಡ್ (ಇಂಡೆಕ್ಸ್ ಹೆಡ್) ಬರುತ್ತದೆ. ಅಮೆರಿಕದ ಬ್ರೌನ್ ಅಂಡ್ ಶಾರ್ಪ್ ಕಂಪನಿಯ ಜೋಸೆಫ್ ಬ್ರೌನ್ 1862ರಲ್ಲಿ ತಯಾರಿಸಿದ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರದ ಮೂಲಕ ಇಂಡೆಕ್ಸ್ ಹೆಡ್ ಕಾರ್ಖಾನೆಗಳಲ್ಲಿ ನೆಲೆಯೂರಿತು. ಸಾಮಾನ್ಯವಾಗಿ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಸ್ಪಿಂಡಲ್ ಒಂದು ಸುತ್ತು ಬರುತ್ತದೆ. ಆದ್ದರಿಂದ 40ನ್ನು ಬೇಕಾದ ಪಾಲುಗಳ ಸಂಖ್ಯೆಯಿಂದ ಭಾಗಿಸಬೇಕು. ಐಟಿಐಯಲ್ಲಿ ಮೆಷಿನಿಸ್ಟ್ ತರಬೇತಿ ಪಡೆದವರಿಗೆ ಇದು ಬಾಯಿಪಾಠವಾದ ಲೆಕ್ಕ. 28 ಹಲ್ಲಿನ ಗೇರಿಗೆ ಪ್ರತಿ ಸಲ ಒಂದು ಪೂರ್ಣ ಸುತ್ತು, ಜೊತೆಗೆ ಹಿಡಿಕೆಯ ಹಿಂದಿನ ತೂತಿನ ತಟ್ಟೆಯಲ್ಲಿ 21 ತೂತಿನ ವೃತ್ತದ ಮೇಲೆ 9 ತೂತು. ಇಲ್ಲಿ ಎಣಿಸಬೇಕಾದದ್ದು ತೂತುಗಳ ನಡುವಿನ ಅಂತರಗಳನ್ನು. ಹಿಡಿಕೆಯ ಪಿನ್ ನಿಂತಿರುವ ತೂತನ್ನೇ ಒಂದು ಎಂದು ಎಣಿಸಿದರೆ ಇಡೀ ಗೇರ್ ಗುಜರಿಗೆ ಹೋಗುತ್ತದೆ. ತಟ್ಟೆಯ ಮೇಲಿನ ಎರಡು ಸೆಕ್ಟರ್ ತೋಳುಗಳು ಇರುವುದು ಈ ತಪ್ಪನ್ನು ತಡೆಯಲಿಕ್ಕೆ. ಹಿಡಿಕೆಯನ್ನು ಸದಾ ಒಂದೇ ದಿಕ್ಕಿಗೆ ತಿರುಗಿಸಬೇಕು. ಮುಂದೆ ಹೋಗಿಬಿಟ್ಟರೆ ಸಾಕಷ್ಟು ಹಿಂದೆ ಬಂದು ಮತ್ತೆ ಮುಂದೊತ್ತಬೇಕು, ಇಲ್ಲದಿದ್ದರೆ ವರ್ಮ್‌ನ ಸಡಿಲು ಕೋನದಲ್ಲಿ ಸೇರಿಕೊಳ್ಳುತ್ತದೆ.

ತೂತಿನ ತಟ್ಟೆಯನ್ನು ಮನೆಯಲ್ಲೇ ಮಾಡಬಹುದು. ಪಕ್ಕಪಕ್ಕದ ತೂತುಗಳ ನೇರ ದೂರವೆಂದರೆ ವ್ಯಾಸವನ್ನು, 180 ಡಿಗ್ರಿಯನ್ನು ಪಾಲುಗಳ ಸಂಖ್ಯೆಯಿಂದ ಭಾಗಿಸಿದ ಕೋನದ ಸೈನ್‌ನಿಂದ ಗುಣಿಸಿದಷ್ಟು. 100 ಮಿ.ಮೀ. ವ್ಯಾಸದಲ್ಲಿ 24 ತೂತುಗಳಿಗೆ ಅದು 13.05 ಮಿ.ಮೀ. ಆದರೆ ಕೈವಾರದಿಂದ ಒಂದರ ನಂತರ ಒಂದು ಹೆಜ್ಜೆ ಇಟ್ಟುಕೊಂಡು ಹೋದರೆ ಪ್ರತಿ ಹೆಜ್ಜೆಯ 0.02 ಮಿ.ಮೀ. ತಪ್ಪು ಕೂಡುತ್ತಾ ಹೋಗಿ, ಆರಂಭದ ಬಿಂದುವಿಗೆ ಮರಳುವ ಹೊತ್ತಿಗೆ ಅರ್ಧ ಮಿ.ಮೀ. ಹತ್ತಿರವಾಗುತ್ತದೆ. ವೃತ್ತ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಹೀಗೆ: ಕೊನೆಯ ಅಂತರ ಉಳಿದವುಗಳಿಗೆ ಹೊಂದದಿದ್ದರೆ ಹೆಜ್ಜೆಯ ಅಳತೆ ತಪ್ಪಾಗಿದೆ.

ಹಾಗಿದ್ದೂ ಈ ಒರಟು ತಟ್ಟೆ ಎಸೆಯುವಂಥದ್ದಲ್ಲ. 50 ಮಿ.ಮೀ. ತ್ರಿಜ್ಯದಲ್ಲಿ ತೂತೊಂದು 0.1 ಮಿ.ಮೀ. ಪಕ್ಕಕ್ಕೆ ಹೋಗಿದ್ದರೆ ಕೋನದ ತಪ್ಪು ಸುಮಾರು 7 ಮಿನಿಟ್. ಅದೇ ತಟ್ಟೆಯನ್ನು ವರ್ಮ್‌ನ ಹಿಡಿಕೆಯ ಬಳಿ ಕೂರಿಸಿದರೆ ಸ್ಪಿಂಡಲ್ಲಿಗೆ ತಲುಪುವ ತಪ್ಪು ಅದರ ನಲವತ್ತನೇ ಒಂದು ಪಾಲು, ಸುಮಾರು 10 ಸೆಕೆಂಡ್ ಮಾತ್ರ. ಈಗ ಈ ವ್ಯವಸ್ಥೆಯಲ್ಲಿ ಹೊಸ ತಟ್ಟೆಯೊಂದನ್ನು ಕೊರೆದರೆ ಅದು ತನ್ನ ಮೂಲಕ್ಕಿಂತ ಎಷ್ಟೋ ಪಾಲು ಉತ್ತಮ. ಕೈಯಿಂದ ಗುರುತು ಹಾಕಿದ ತಟ್ಟೆಯಿಂದ ನಿಖರ ಸಾಧನ ಹುಟ್ಟುವ ಈ ಬಗೆ ಇಡೀ ವಿಷಯದ ಅತ್ಯಂತ ಸುಂದರ ಭಾಗ. ಇದೇ ಇಳಿತದ ತತ್ವದ ಮೇಲೆ ಲಂಡನ್ನಿನ ಜೆಸ್ಸಿ ರ‍್ಯಾಮ್ಸ್‌ಡನ್ 1770ರ ದಶಕದಲ್ಲಿ ವೃತ್ತಗಳನ್ನು ವಿಭಜಿಸುವ ಯಂತ್ರ ಕಟ್ಟಿದ್ದ. ಅದರ ಚಕ್ರಕ್ಕೆ 2160 ಹಲ್ಲುಗಳು. ತಿರುಪಿನ ಒಂದು ಸುತ್ತಿಗೆ ಚಕ್ರ 10 ಮಿನಿಟ್ ಕೋನ ಮಾತ್ರ ಸರಿಯುತ್ತಿತ್ತು. ಸಮುದ್ರಯಾನದ ಸೆಕ್ಸ್‌ಟಂಟ್‌ಗಳ ಮಾಪಕಗಳನ್ನು ಗುರುತಿಸಲು ಅದು ಬಳಕೆಯಾಯಿತು.

ವರ್ಮ್‌ ಚಕ್ರದ ಸ್ವಂತ ದೋಷವನ್ನು ಮಾತ್ರ ಯಾವ ತಟ್ಟೆಯೂ ಕುಗ್ಗಿಸಲಾರದು. ಚಕ್ರವನ್ನು ಮನೆಯಲ್ಲಿ ಟ್ಯಾಪ್‌ನಿಂದ ಕಡಿಯುವವರು ಮೊದಲು ಹಲ್ಲುಗಳ ಜಾಗವನ್ನು ಗೇರಿನ ನೆರವಿನಿಂದ ಓರೆಯಾಗಿ ಕೊರೆದುಕೊಳ್ಳಬೇಕು. ನೇರವಾಗಿ ಟ್ಯಾಪ್ ಒತ್ತಿದರೆ ಹಲ್ಲುಗಳ ಸಂಖ್ಯೆ ಒಂದು ಹೆಚ್ಚೋ ಕಡಿಮೆಯೋ ಆಗಬಹುದು. ಬೋಲ್ಟಿನ ತಲೆಗೆ ಆರು ಮುಖ, ಟ್ಯಾಪ್ ಹಿಡಿಯ ತುದಿಗೆ ನಾಲ್ಕು ಮುಖ ಮಾಡುವಂಥ ಕೆಲಸಕ್ಕೆ ಇಷ್ಟೆಲ್ಲ ಬೇಡ. ಆರು ಅಥವಾ ನಾಲ್ಕು ಬದಿಯ ಕಾಲೆಟ್ ಬ್ಲಾಕ್‌ನಲ್ಲಿ ತುಂಡನ್ನು ಬಿಗಿದು, ವೈಸ್‌ನಲ್ಲಿ ಸ್ಟಾಪ್‌ಗೆ ಆನಿಸಿ, ಒಂದೊಂದೇ ಬದಿಗೆ ಹೊರಳಿಸಿ ಕಡಿದರೆ ಕೆಲಸ ಮುಗಿಯುತ್ತದೆ.