ಸಿರಿಯಜ್ಜಿ ಮತ್ತು ಕಾಡುಗೊಲ್ಲರ ಹಾಡುಗಾರಿಕೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದಿರುವ ಹಾಡಿನ ಪರಂಪರೆ. ವೀರರ ಕಥನಗಳು, ಸೋಬಾನೆ, ಬೀಸುವ ಪದ, ಗಣೆ ಪದ ಇವೆಲ್ಲ ಇದರಲ್ಲಿ ಸೇರುತ್ತವೆ. ಈ ಪರಂಪರೆಯಿಂದ ಹೊರಲೋಕಕ್ಕೆ ಹೆಚ್ಚು ಹೆಸರಾದವರು ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಅಕ್ಷರ ಕಲಿಯದ ಈ ಅಜ್ಜಿಯ ನೆನಪಿನಲ್ಲಿದ್ದ ಹಾಡುಗಳನ್ನು ಜಾನಪದ ವಿದ್ವಾಂಸರೂ ಕಾದಂಬರಿಕಾರರೂ ಆದ ಕೃಷ್ಣಮೂರ್ತಿ ಹನೂರು ಬರೆದುಕೊಂಡು, ‘ಸಾವಿರದ ಸಿರಿಬೆಳಗು’ ಎಂಬ ಸಂಕಲನವಾಗಿ ಹೊರತಂದರು. ಕನ್ನಡದಲ್ಲಿ ಹಳ್ಳಿಯ ಮಟ್ಟುಗಳು ಕ್ಯಾಸೆಟ್ಟುಗಳಾಗಿ ಲಕ್ಷಾಂತರ ಮನೆ ಸೇರುತ್ತಿದ್ದ ಕಾಲವದು. ಆದರೆ ಸಿರಿಯಜ್ಜಿಯ ಹೆಸರು ಹಬ್ಬಿದ್ದು ಕ್ಯಾಸೆಟ್ ಅಂಗಡಿಯಿಂದಲ್ಲ, ಪುಸ್ತಕದಿಂದ.

ಸೀಮೆ: ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಸೇರಿವೆ. ವೇದಾವತಿ ಹೊಳೆ ಹಾದುಹೋದರೂ ಬೇಸಾಯವೆಲ್ಲ ಮುಗಿಲು ನೋಡುವಂಥದು. ಶೇಂಗಾ ಮುಖ್ಯ ಬೆಳೆ. ಚಳ್ಳಕೆರೆಗೆ ಎಣ್ಣೆ ಗಿರಣಿ ಮತ್ತು ಕಂಬಳಿಯಿಂದ, ಮೊಳಕಾಲ್ಮೂರಿಗೆ ರೇಷ್ಮೆ ಸೀರೆಯಿಂದ ಹೆಸರು. ಕುರಿ, ಆಡು, ದನಗಳನ್ನು ನಂಬಿದ ಕಾಡುಗೊಲ್ಲರು ಮತ್ತು ಮ್ಯಾಸಬೇಡರು ಇಲ್ಲಿಯ ದೊಡ್ಡ ಸಮುದಾಯಗಳು. ಆಂಧ್ರದ ರಾಯದುರ್ಗ ಹತ್ತಿರವಿರುವುದರಿಂದ ತೆಲುಗು ಇಲ್ಲಿ ಪರಭಾಷೆಯಲ್ಲ. ಮ್ಯಾಸಬೇಡರ ಅನೇಕ ಮನೆಗಳಲ್ಲಿ ಅದೇ ಮನೆಮಾತು. ಗಾದ್ರಿ ಪಾಲನಾಯಕನಂಥ ವೀರರ ಕಥೆಗಳು, ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ ಬದುಕು, ಉರುಮೆ ವಾದ್ಯದ ಸದ್ದು ಮ್ಯಾಸಬೇಡರ ಆಚರಣೆಗೆ ಸೇರಿದವು. ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಅವನ್ನು ಬರೆದ ಲಿಪಿಕಾರ ಚಪಡ ಅಲ್ಲಿ ತನ್ನ ಹೆಸರನ್ನೂ ಕೆತ್ತಿಟ್ಟಿದ್ದಾನೆ. ಲಿಪಿ ಇಷ್ಟು ಹಿಂದೆಯೇ ಬಂದ ನೆಲದಲ್ಲಿ ಹಾಡು ಮಾತ್ರ 20ನೇ ಶತಮಾನದವರೆಗೆ ಬರವಣಿಗೆಯ ಗೊಡವೆಗೆ ಹೋಗಲಿಲ್ಲ.

ದೇವರು ಮತ್ತು ಗಣೆ: ಕಾಡುಗೊಲ್ಲರ ದೇವರುಗಳು ಬಹುಮಟ್ಟಿಗೆ ಹಿಂದೊಮ್ಮೆ ದನ ಕಾದು, ಕಾದಾಡಿ ಸತ್ತ ಹಿರಿಯರೇ: ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಮೊದಲಾದವರು. ಇವರಲ್ಲಿ ಜುಂಜಪ್ಪನ ಕಥೆ ಅತಿ ವಿಸ್ತಾರವಾದುದು. ಕೆಂಗುರಿ ಮಲ್ಲೇಗೌಡ ಮತ್ತು ಚಿನ್ನಮ್ಮನ ಮಗನಾದ ಈತ ಬಡಮೈಲ ಎಂಬ ಗೂಳಿಯನ್ನು ಪ್ರಾಣದಂತೆ ಸಾಕಿದವನು. ಸೋದರಮಾವಂದಿರ ಹಗೆ ಬೆಳೆಯುತ್ತ ಹೋಗಿ ಕೊನೆಗೆ ವಿಷಕ್ಕೆ ಬಲಿಯಾಗುತ್ತಾನೆ. ಅವನ ಮುಖ್ಯ ನೆಲೆ ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ. ಈ ಕಥೆಯನ್ನು ಹಾಡುವಾಗ ನುಡಿಸುವ ವಾದ್ಯ ಗಣೆ. ಮಾಮೂಲಿ ಕೊಳಲಿಗಿಂತ ಬಹಳ ಉದ್ದದ ಬಿದಿರಿನ ಕೊಳವೆ ಇದು. ಹಾಡುಗಾರ ಒಂದಿಷ್ಟು ಊದಿ, ಒಂದಿಷ್ಟು ಹಾಡಿ, ಮತ್ತೆ ಊದಿ ಕಥೆಯನ್ನು ಮುಂದಕ್ಕೆ ಒಯ್ಯುತ್ತಾನೆ. ಗಣೆಯನ್ನು ಮಡಿಯಿಂದ ಕಾಪಾಡುತ್ತಾರೆ. ಅದು ದೇವರಿಗೆ ಸೇರಿದ್ದೇ ಹೊರತು ಮನರಂಜನೆಯ ಸಾಧನವಲ್ಲ. ಕ್ಯಾತಪ್ಪನ ಜಾತ್ರೆ ಚಳ್ಳಕೆರೆ ತಾಲ್ಲೂಕಿನ ಪುರ್ಲೆಹಳ್ಳಿಯಲ್ಲಿ ನಡೆಯುತ್ತದೆ. ಬಾರೆ ಕಳ್ಳೆಯ ಮುಳ್ಳಿನಿಂದಲೇ ಕಟ್ಟಿದ ಗುಡಿಯನ್ನು ಬರಿಗಾಲಲ್ಲಿ ಏರಿ ಯುವಕರು ಕಳಶ ಕೀಳುವುದು ಅಲ್ಲಿಯ ಹೆಸರಾದ ಆಚರಣೆ. ತೀ.ನಂ. ಶಂಕರನಾರಾಯಣ ಅವರ ಅಧ್ಯಯನಗಳು ಕಾಡುಗೊಲ್ಲರ ಸಂಪ್ರದಾಯ ತಿಳಿಯಲು ಇಂದಿಗೂ ಆಧಾರ.

ಹೆಂಗಸರ ಹಾಡು: ಗಣೆ ಗಂಡಸರ ಕೈಯಲ್ಲಿದ್ದರೆ ಸೋಬಾನೆ ಹೆಂಗಸರ ಬಾಯಲ್ಲಿದೆ. ಮದುವೆ, ಮೈನೆರೆದ ಹುಡುಗಿಯ ಆರತಿ, ತೊಟ್ಟಿಲು ಯಾವುದಿದ್ದರೂ ಒಬ್ಬಿಬ್ಬರು ಹೇಳಿಕೊಟ್ಟು, ಉಳಿದವರು ಸೊಲ್ಲೆತ್ತಿಕೊಂಡು ಹಾಡುತ್ತಾರೆ. ಸಿರಿಯಜ್ಜಿಯ ದೊಡ್ಡತನ ಇರುವುದು ಈ ಎರಡು ಲೋಕಗಳನ್ನೂ ಒಂದೇ ನೆನಪಿನಲ್ಲಿ ಇಟ್ಟುಕೊಂಡದ್ದರಲ್ಲಿ. ಆಕೆಗೆ ಮನೆಯ ಹಾಡೂ ಬರುತ್ತಿತ್ತು, ಹಟ್ಟಿಯ ವೀರರ ಕಥೆಯೂ ಬರುತ್ತಿತ್ತು. ಬಸುರಿ, ಬಾಣಂತಿ, ಮುಟ್ಟಾದವರನ್ನು ಹಟ್ಟಿಯ ಹೊರಗಿಡುವ ಕಟ್ಟುಪಾಡಿಗಾಗಿ ಗೊಲ್ಲರಹಟ್ಟಿಗಳು ಮತ್ತೆ ಮತ್ತೆ ಟೀಕೆಗೆ ಗುರಿಯಾಗಿವೆ. ಆ ಟೀಕೆ ನ್ಯಾಯವೇ. ಅದೇ ಹಟ್ಟಿಗಳ ಹೆಣ್ಣುಮಕ್ಕಳು ಸಮುದಾಯದ ಚರಿತ್ರೆಯನ್ನು ಹಾಡಿನಲ್ಲಿ ಹೊತ್ತು ತಂದರೆಂಬುದನ್ನೂ ಅದರ ಜೊತೆಗಿಟ್ಟು ನೋಡಬೇಕು.

ಧ್ವನಿಸುರುಳಿಯ ಕಾಲ: ಕನ್ನಡದಲ್ಲಿ ಹಳ್ಳಿಯ ಮಟ್ಟುಗಳಿಗೆ ಮಾರುಕಟ್ಟೆ ಇದೆಯೆಂದು ಮೊದಲು ತೋರಿಸಿದವರಲ್ಲಿ ಗಾಯಕ ಪಿ. ಕಾಳಿಂಗರಾವ್ ಒಬ್ಬರು, ಆಗಿನದು ಗ್ರಾಮಫೋನ್ ತಟ್ಟೆಯ ಕಾಲ, ಒಂದು ಬದಿಗೆ ಸುಮಾರು 3 ನಿಮಿಷ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದ ಮೇಲೆ ಸುಗಮ ಸಂಗೀತದ ವ್ಯಾಪಾರ ಕುದುರಿತು. ಹಳ್ಳಿಯ ಸೊಗಡಿನ ಕಡೆ ಅತಿ ಜನಪ್ರಿಯವಾದುದು ದೊಡ್ಡರಂಗೇಗೌಡರು ಬರೆದು, ಸಿ. ಅಶ್ವಥ್ ಸಂಗೀತ ನೀಡಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ಮಾವು ಬೇವು’. ಶಿಶುನಾಳ ಶರೀಫರ ತತ್ವಪದಗಳು ಅಶ್ವಥ್ ದನಿಯಲ್ಲಿ ಮನೆಮನೆ ಮುಟ್ಟಿದವು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಅವನ್ನೇ ಗಿಟಾರಿಗೆ ಹೊಂದಿಸಿ ದೇಶದ ಆಚೆಗೂ ಕೊಂಡೊಯ್ದರು. ಮಲೆ ಮಹದೇಶ್ವರನ ಹಾಡುಗಳು ಕಂಸಾಳೆಯವರ ಬಾಯಿಂದ ಕ್ಯಾಸೆಟ್ಟಿಗೂ ಸಿನಿಮಾಕ್ಕೂ ಸಲೀಸಾಗಿ ದಾಟಿದವು.

ಜುಂಜಪ್ಪ ಹಾಗೆ ದಾಟಲಿಲ್ಲ. ಮಹದೇಶ್ವರನಿಗೆ ಹಲವು ಜಾತಿಗಳ ಒಕ್ಕಲಿದೆ, ಬೆಟ್ಟ ಹತ್ತುವ ಯಾತ್ರಿಕರಿದ್ದಾರೆ; ಕ್ಯಾಸೆಟ್ ಕೊಳ್ಳುವವರು ಅಲ್ಲಿ ಮೊದಲೇ ಸಿದ್ಧರಿದ್ದರು. ಜುಂಜಪ್ಪ, ಎತ್ತಪ್ಪ ಒಂದು ಸಮುದಾಯದ ಮನೆದೇವರು. ರಾತ್ರಿಯಿಡೀ ನಡೆಯುವ ಕಥೆಯನ್ನು ಒಂದು ಗಂಟೆಯ ಸುರುಳಿಗೆ ಕತ್ತರಿಸಿದರೆ ಕಥೆಯೂ ಉಳಿಯುವುದಿಲ್ಲ, ಪೂಜೆಯೂ ಆಗುವುದಿಲ್ಲ. ಗಣೆಯನ್ನು ಸ್ಟುಡಿಯೋಗೆ ಒಯ್ಯುವುದಕ್ಕೆ ಮಡಿಯೇ ಅಡ್ಡ. ಹಾಡು ಚೆನ್ನಾಗಿರಲಿಲ್ಲವೆಂದೋ ಕೇಳುವವರಿಗೆ ಅಭಿರುಚಿ ಇರಲಿಲ್ಲವೆಂದೋ ಹೇಳುವುದಕ್ಕಿಂತ ಈ ಕಾರಣಗಳೇ ಒಪ್ಪುವಂಥವು.

ಹಕ್ಕು: ಪರಂಪರೆಯ ಹಾಡಿಗೆ ಇಂಥವರೇ ಕರ್ತೃ ಎಂದಿಲ್ಲದ ಕಾರಣ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಹಟ್ಟಿಯ ಹಾಡುಗಾರರಿಗೆ ರಚನೆಕಾರರ ಪಾಲು ಸಿಗುವುದು ಕಷ್ಟ. 1994ರ ತಿದ್ದುಪಡಿ ಮೊದಲ ಬಾರಿಗೆ ಪ್ರದರ್ಶಕರ ಹಕ್ಕನ್ನು ಒಪ್ಪಿತು, 2012ರ ತಿದ್ದುಪಡಿ ಅದನ್ನು ಬಲಪಡಿಸಿತು. ಹಾಡಿದ ಕೊರಳಿಗೆ ಅದರಿಂದ ಹಕ್ಕು ಬಂದರೂ ಮಟ್ಟು ಮಾತ್ರ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಸೊತ್ತಾಗಿಯೇ ಇದೆ.