ಜಲ ರಸಾಯನ ನಿಯಂತ್ರಣ (ಪರಮಾಣು ಸ್ಥಾವರಗಳಲ್ಲಿ)

ಪರಮಾಣು ವಿದ್ಯುತ್ ಸ್ಥಾವರದ ಲೋಹಭಾಗಗಳು ಸವೆಯದಂತೆ ನೀರಿನ ಕ್ಷಾರತೆ, ಕರಗಿದ ಆಮ್ಲಜನಕ ಮತ್ತು ಲವಣಗಳನ್ನು ಹದದಲ್ಲಿಡುವ ಕ್ರಮ. ನೀರು ಶುದ್ಧವಾಗಿದ್ದರೆ ಸಾಕೆಂಬುದು ತಪ್ಪು ತಿಳಿವಳಿಕೆ: ಆಮ್ಲಜನಕ ತೆಗೆದ ಶುದ್ಧ ಬಿಸಿನೀರು ರಭಸದಿಂದ ಹರಿದಾಗ ಉಕ್ಕನ್ನು ಕಾಯುವ ಮ್ಯಾಗ್ನೆಟೈಟ್ ಪದರವನ್ನೇ ಕರಗಿಸುತ್ತದೆ. ಜಪಾನಿನ ಮಿಹಾಮಾ ಪರಮಾಣು ಸ್ಥಾವರದಲ್ಲಿ 2004ರ ಆಗಸ್ಟ್ 9ರಂದು ಒಡೆದ ಕೊಳವೆಯ 10 ಮಿಲಿಮೀಟರಿನ ಗೋಡೆ ಹೀಗೇ ಸವೆದು ತೀರಾ ತೆಳುವಾಗಿತ್ತು, ಐವರು ಸತ್ತರು. ಕೊಂದದ್ದು ವಿಕಿರಣವಲ್ಲ, ಬಿಸಿ ಹಬೆ. ಹಾಗಾದರೆ ಪದರ ಕರಗದಂತೆ ಕ್ಷಾರ ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ಅದಕ್ಕೂ ಮಿತಿಯಿದೆ. ಕೈಗಾದಂಥ ಭಾರಜಲ ಸ್ಥಾವರಗಳಲ್ಲಿ ರಿಯಾಕ್ಟರಿನ ಶಾಖ ಹೊರತರುವ ಪ್ರಾಥಮಿಕ ಮಂಡಲದಲ್ಲಿ ಲಿಥಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ ಅನ್ನು 10ಕ್ಕಿಂತ ತುಸು ಮೇಲಿಡುತ್ತಾರೆ. ಅತಿಯಾದರೆ ರಿಯಾಕ್ಟರಿಗೆ ನೀರು ತಂದು ಒಯ್ಯುವ ಫೀಡರ್ ಕೊಳವೆಗಳ ಸವೆತವೇ ಹೆಚ್ಚುತ್ತದೆ, ಲಿಥಿಯಂ ಸಾಂದ್ರವಾದೆಡೆ ಇಂಧನ ಕವಚದ ಜಿರ್ಕೋನಿಯಂ ಮಿಶ್ರಲೋಹವೂ ಕೆಡುತ್ತದೆ. ಗೋಡೆಯ ದಪ್ಪ ಅಳೆಯುವ ಕೆಲಸಕ್ಕಂತೂ ರಸಾಯನ ಎಂದಿಗೂ ಬದಲಿಯಲ್ಲ: ಮಿಹಾಮಾದಲ್ಲಿ ಒಡೆದ ಆ ಭಾಗವನ್ನು, 1976ರಲ್ಲಿ ಆ ಘಟಕ ಶುರುವಾದಂದಿನಿಂದ, ಒಮ್ಮೆಯೂ ಅಳೆದಿರಲಿಲ್ಲ.